ಹತ್ತಡಿ ಕೋಣೆಯ ಬಾಗಿಲು ತಟ್ಟಿದವರು

ಬೆಂಗಳೂರಿನ ಸ್ಲಂ ಬೋರ್ಡ್ ಮನೆಗಳ ಸಾಲಿಗೆ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಹೋಗಿದ್ದೆ. ಮೂರನೇ ಮಹಡಿ. ನಾವು ಒಳಗೆ ಕಾಲಿಟ್ಟ ಕೂಡಲೇ ಓದುತ್ತಿದ್ದ ಹುಡುಗಿ ಪುಸ್ತಕ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಜ್ಜಿ ಮಂಚದ ತುದಿಗೆ ಸರಿದರು. "ಕೂತ್ಕೊಳ್ಳಿ ಅಕ್ಕಾ, ಟೀ ಇಡ್ತೀನಿ" ಎಂದ ತಾಯಿ ಒಲೆಯ ಹತ್ತಿರ ಹೋಗಬೇಕಾದರೆ ನಾನು ಕಾಲು ಮಡಚಿಕೊಳ್ಳಬೇಕಿತ್ತು. ಇಂಥ ಮನೆಗೆ ಇಬ್ಬರು ಬಂದರೆ ಮನೆಯವರೇ ಯಾರಾದರೂ ಹೊರಗೆ ಹೋಗಬೇಕು.

ಈ ಊರಿನ ಬಡವರ ಬಾಗಿಲನ್ನು ಅಧಿಕಾರಿಗಳು ತಟ್ಟಲು ಶುರುಮಾಡಿ ನೂರಿಪ್ಪತ್ತು ವರ್ಷಗಳ ಮೇಲಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಾದ ಮನೆಗಳನ್ನು ತಪಾಸಣೆ ಮಾಡಿದರು, ಜನರನ್ನು ಊರಾಚೆಯ ಕ್ಯಾಂಪುಗಳಿಗೆ ಸಾಗಿಸಿದರು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಅನುಕೂಲಸ್ಥರಿಗೆ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಸಿಕ್ಕವು. ಅಗಲವಾದ ರಸ್ತೆ, ಗಾಳಿ ಬೆಳಕು. ಮನೆಗಳ ಹಿಂದೆ ಒಂದು ಸಣ್ಣ ಓಣಿ. ಮಲ ಬಾಚುವವರು ಮನೆಯೊಳಗೆ ಬಾರದೆ ಹಿಂದಿನಿಂದಲೇ ಕೆಲಸ ಮುಗಿಸಿ ಹೋಗಲೆಂದು ಮಾಡಿದ ದಾರಿ ಅದು. ಅವರು ಬಂದು ಹೋಗುವ ದಾರಿಯನ್ನು ನಕಾಶೆಯಲ್ಲಿ ಅಷ್ಟು ಜಾಗ್ರತೆಯಾಗಿ ಎಳೆದವರು ಅವರ ಮನೆ ಎಲ್ಲಿರಬೇಕು ಎಂಬುದನ್ನು ಅಷ್ಟೇ ಕಾಳಜಿಯಿಂದ ಯೋಚಿಸಲಿಲ್ಲ. ಈಗಿನ ಇಕ್ಕಟ್ಟಿನ ಬೇರು ಅಲ್ಲಿದೆ ಎಂದೇ ನನಗೆ ಅನಿಸುತ್ತದೆ.

ಆಮೇಲೆ ಗಿರಣಿಗಳು, ಸ್ವಾತಂತ್ರ್ಯದ ಹೊತ್ತಿಗೆ ಎಚ್‌ಎಎಲ್, ಐಟಿಐ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು. ಕಾಯಂ ನೌಕರರಿಗೆ ಕ್ವಾರ್ಟರ್ಸ್ ಸಿಕ್ಕಿತು. ಕಟ್ಟಡದ ಕೂಲಿಗಳು, ಗಾಡಿ ಎಳೆಯುವವರು ವಠಾರಗಳಲ್ಲಿ, ಕೆರೆಯಂಗಳದಲ್ಲಿ, ರೈಲು ಹಳಿಯ ಪಕ್ಕದಲ್ಲಿ ಗೂಡು ಕಟ್ಟಿಕೊಂಡರು.

ರಾಜ್ಯಕ್ಕೆ 1973ರ ಕೊಳಗೇರಿ ಕಾಯ್ದೆ ಬಂತು, 1975ರಲ್ಲಿ ಮಂಡಳಿ, ಅಂದರೆ ಸ್ಲಂ ಬೋರ್ಡ್. ಅದರ ಹೆಸರಿನಲ್ಲಿ ಮೊದಲಿದ್ದ 'ನಿರ್ಮೂಲನ' ಹೋಗಿ ಮುಂದೆ 'ಅಭಿವೃದ್ಧಿ' ಸೇರಿತು. ನಲ್ಲಿ, ದೀಪ, ಚರಂಡಿ ಬಂದದ್ದು ಸುಳ್ಳಲ್ಲ. ಆದರೆ ಸರ್ಕಾರ ಕೊಳಗೇರಿಯೆಂದು ಘೋಷಿಸಿದ ಜಾಗಕ್ಕೆ ಸಿಗುವ ರಕ್ಷಣೆ ಘೋಷಣೆಯಾಗದ ಜಾಗಕ್ಕಿಲ್ಲ. ಹಾಗಾಗಿ ಬಾಗಿಲು ತಟ್ಟುವವರ ಪ್ರಶ್ನೆಯೂ ಬದಲಾಯಿತು: ಯಾವಾಗಿಂದ ಇದ್ದೀರಿ? ಹಕ್ಕುಪತ್ರ ಇದೆಯಾ? ಪರಿಚಯ ಪತ್ರ? ರೇಷನ್ ಕಾರ್ಡ್? ತಗಡಿನ ಪೆಟ್ಟಿಗೆಯ ತಳದಿಂದ ಪ್ಲಾಸ್ಟಿಕ್ ಕವರ್ ಹೊರಬರುತ್ತದೆ. ಅದರೊಳಗಿನ ಕಾಗದಗಳನ್ನು ಮನೆಯವರು ಒಡವೆಯಂತೆ ಕಾಪಾಡಿರುತ್ತಾರೆ.

2005ರ ಕೊನೆಯಲ್ಲಿ ಶುರುವಾದ ಕೇಂದ್ರದ ನಗರ ನವೀಕರಣ ಯೋಜನೆ 'ನರ್ಮ್' ಅಡಿ ಬಡವರ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ಗೊತ್ತುಮಾಡಿದರು. ಅಂದರೆ ಸುಮಾರು 270 ಚದರ ಅಡಿ. ಐದು ಜನ, ಒಂದು ಹೊಲಿಗೆ ಯಂತ್ರ, ನೀರು ತುಂಬಿಟ್ಟ ಕೊಡಗಳು. ಕೆಳಗೆ ಗುಡಿಸಲಿನಲ್ಲಿದ್ದಾಗ ತಳ್ಳುಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸುತ್ತಿದ್ದವನಿಗೆ ಮೂರನೇ ಮಹಡಿಯಲ್ಲಿ ಅದಕ್ಕೆ ಜಾಗವಿಲ್ಲ.

ಇಷ್ಟು ಜಾಗವೂ ಕೈತಪ್ಪಬಹುದು. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಪಾಲಿಕೆಯೇ ಕಟ್ಟಿದ್ದ ವಸತಿ ಸಮುಚ್ಚಯದ ಒಂದು ಭಾಗ ಕುಸಿಯಿತು, ಉಳಿದವೂ ಅಪಾಯವೆಂದಾಯಿತು. ಆಮೇಲೆ ಅಲ್ಲೇ ಶೆಡ್‌ಗಳಲ್ಲಿದ್ದವರನ್ನು 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಎಬ್ಬಿಸಿ, ಶೆಡ್‌ಗಳ ಮೇಲೆ ಜೆಸಿಬಿ ಹತ್ತಿಸಿದರು. ಕೆಲವರಿಗೆ ದೂರದ ಸೂಲಿಕುಂಟೆಯಲ್ಲಿ ಮನೆ ಸಿಕ್ಕಿತು. ಅವರಲ್ಲಿ ಅನೇಕ ಹೆಂಗಸರು ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವರು. ನಡೆದುಕೊಂಡು ಹೋಗುತ್ತಿದ್ದ ಕೆಲಸಕ್ಕೆ ಬಸ್ಸು ಹಿಡಿಯಬೇಕು ಎಂದರೆ ಎಷ್ಟೋ ಸಲ ಆ ಕೆಲಸ ಬಿಟ್ಟಂತೆಯೇ. ಹಾಗಾಗಿ ಕೆಲವು ಕುಟುಂಬಗಳು ಅಲ್ಲೇ ಫುಟ್‌ಪಾತ್‌ನಲ್ಲಿ ವರ್ಷಗಟ್ಟಲೆ ಉಳಿದವು.

ಆವತ್ತು ನಮ್ಮ ಕೈಯಲ್ಲೂ ಒಂದು ಪಟ್ಟಿ ಇತ್ತು. ಅಜ್ಜಿಯ ಬಿಪಿ, ಮಗುವಿನ ಲಸಿಕೆ, ನೀರು ಎಷ್ಟು ದಿನಕ್ಕೊಮ್ಮೆ. ಹುಡುಗಿ ಎಲ್ಲಿ ಕೂತು ಓದುತ್ತಾಳೆ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಟೀ ಕುಡಿದು ಬೇಗ ಎದ್ದೆವು. ಮೆಟ್ಟಿಲ ಬಲ್ಬು ಹೋಗಿತ್ತು. ಅವಳು ಪುಸ್ತಕವನ್ನು ಕಿಂಡಿಯ ಬೆಳಕಿಗೆ ಹಿಡಿದುಕೊಂಡು ಕೂತಿದ್ದಳು. "ಒಳಗೆ ಹೋಗಮ್ಮ, ನಮ್ಮದು ಆಯ್ತು" ಎಂದೆ.