ಸಂಘದ ಸಭಾಂಗಣದಿಂದ ವರ್ಚುವಲ್ ಲೋಕಕ್ಕೆ

ವೈದ್ಯರು ಪ್ರತಿ 5 ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಮುಂದುವರಿಕೆ ಶಿಕ್ಷಣದ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳಿತ್ತು. ಚಾರ್ಟರ್ಡ್ ಅಕೌಂಟೆಂಟರಿಗೂ ಅವರ ಸಂಸ್ಥೆ ಇಂಥದೇ ಗಂಟೆಗಳ ಲೆಕ್ಕವನ್ನು ಇಟ್ಟಿದೆ. ವೈದ್ಯರು ಸಿಎಂಇ ಎಂದೂ ಲೆಕ್ಕಪರಿಶೋಧಕರು ಸಿಪಿಇ ಎಂದೂ ಕರೆಯುವ ಈ ಗಂಟೆಗಳನ್ನು ಒದಗಿಸುವ ಕೆಲಸ ಬಹುಮಟ್ಟಿಗೆ ವೃತ್ತಿಪರ ಸಂಘಗಳ ಮೇಲೆ ಬಿದ್ದಿದೆ. ಕರಾವಳಿಯಲ್ಲಿ ಅಂಥ ಸಂಘಗಳಿಗೆ ಕೊರತೆಯಿಲ್ಲ. 1906ರಲ್ಲಿಯೇ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದ, 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದ ಈ ಸೀಮೆಯಲ್ಲಿ ವೈದ್ಯರು, ಎಂಜಿನಿಯರರು, ಲೆಕ್ಕಪರಿಶೋಧಕರು ಮೂರು ತಲೆಮಾರುಗಳಿಂದ ಸಂಘ ಕಟ್ಟಿಕೊಂಡು ಒಬ್ಬರಿಂದೊಬ್ಬರು ಕಲಿಯುತ್ತ ಬಂದಿದ್ದಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಸಭಾಂಗಣಗಳಿಗೆ ಬೀಗ ಬಿದ್ದಾಗ ಈ ಕಲಿಕೆ ವೆಬಿನಾರುಗಳಿಗೆ ಹೊರಳಿತು. ಅದರಿಂದಾದ ಅನುಕೂಲ ಸಣ್ಣದಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ದಾರಿಯೇ ಮುಚ್ಚಿಹೋಗುವ ಊರಿನವರಿಗೆ, ದೆಹಲಿಯ ತಜ್ಞರೊಬ್ಬರ ಉಪನ್ಯಾಸವನ್ನು ಮನೆಯಲ್ಲೇ ಕುಳಿತು ಕೇಳುವುದು ನಿಜವಾದ ಲಾಭ. ಆದರೆ ಬಹುತೇಕ ವೆಬಿನಾರುಗಳಲ್ಲಿ ಉಪನ್ಯಾಸಕರು ಮಾತಾಡುತ್ತ ಹೋಗುತ್ತಾರೆ, ಸದಸ್ಯರು ಕ್ಯಾಮೆರಾ ಮುಚ್ಚಿ ಕುಳಿತಿರುತ್ತಾರೆ, ಲಾಗಿನ್ ಆಗಿದ್ದ ಹೊತ್ತು ಗಂಟೆಗಳ ಖಾತೆಗೆ ಜಮೆಯಾಗುತ್ತದೆ. ತಂತ್ರಜ್ಞಾನ ಹೊಸದಾದರೂ ಕಲಿಕೆಯ ಕ್ರಮ ಹಳೆಯ ಭಾಷಣದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಿದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಭಾಷಣ ಮುಗಿದ ಮೇಲೆ ಕಾಫಿ ಕುಡಿಯುತ್ತ ನಡೆಯುತ್ತಿದ್ದ ಮಾತುಕತೆಯೂ ಇಲ್ಲಿ ಇಲ್ಲವಾಗಿದೆ.

ಸಂಘವೊಂದು ಹೊಸ ಜಾಲ ತಂತ್ರಜ್ಞಾನವನ್ನು ಆರಿಸಿಕೊಳ್ಳುವಾಗ ಎರಡೇ ಪ್ರಶ್ನೆಗಳನ್ನು ಕೇಳಬೇಕು ಎಂಬುದು ನನ್ನ ನಂಬಿಕೆ. ಇಲ್ಲಿ ಕೇಳಿದ ಮಾತಿಗೆ ಹೊತ್ತಿಗೆ ಸರಿಯಾಗಿ ಉತ್ತರ ಬರುತ್ತದೆಯೇ? ಕಲಿಯುವವನು ತನ್ನ ಕೈಯಿಂದ ಏನನ್ನಾದರೂ ಮಾಡಿ ಅದರ ಫಲವನ್ನು ಕೂಡಲೇ ಕಾಣುತ್ತಾನೆಯೇ? ಚಿತ್ರ ಎಷ್ಟು ಸುಂದರವಾಗಿದೆ, ಪರದೆಯಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆ, ಅಂದರೆ ಅವತಾರ್, ಎಷ್ಟು ಮನುಷ್ಯನಂತಿದೆ ಎಂಬುದೆಲ್ಲ ಆಮೇಲಿನ ಮಾತು.

ಇದನ್ನು ಕರಾವಳಿಯವರಿಗೆ ವಿವರಿಸುವುದು ಕಷ್ಟವಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕುಳಿತ ಇಬ್ಬರು ಅರ್ಥಧಾರಿಗಳು ಒಬ್ಬರ ಮಾತಿಗೆ ಇನ್ನೊಬ್ಬರು ಅಲ್ಲೇ ಹುಟ್ಟಿಸಿದ ಮಾತಿನಿಂದ ಉತ್ತರ ಕೊಡುತ್ತ ಹೋದಂತೆ ಕೇಳುಗರ ಮುಂದೆ ಕುರುಕ್ಷೇತ್ರ ನಿಲ್ಲುತ್ತದೆ. ಆ ಲೋಕವನ್ನು ಕಟ್ಟುವುದು ಸವಾಲು ಮತ್ತು ಜವಾಬಿನ ವೇಗ. ಎದುರಿನ ಅರ್ಥಧಾರಿಯ ಉತ್ತರ ಪ್ರತಿ ಸಲವೂ ಎರಡು ಸೆಕೆಂಡು ತಡವಾಗಿ ಬರುವಂತಾದರೆ ಆ ಪ್ರಸಂಗ ಅಲ್ಲಿಗೇ ಕುಸಿಯುತ್ತದೆ.

ಈ ವೇಗವನ್ನು ವಿಜ್ಞಾನಿಗಳು ಅಳೆದಿದ್ದಾರೆ. ಜಗತ್ತಿನ ಬೇರೆ ಬೇರೆ ಭಾಗಗಳ 10 ಭಾಷೆಗಳಲ್ಲಿ ಜನರು ಆಡಿದ ಸಹಜ ಮಾತುಕತೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ದೂರಸಂಪರ್ಕದ ಅಂತರರಾಷ್ಟ್ರೀಯ ಒಕ್ಕೂಟವು ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯದಿದ್ದರೆ ಒಳ್ಳೆಯದೆಂದು ಶಿಫಾರಸು ಮಾಡಿರುವುದೂ ಈ ಸಹಜ ಅಂತರಕ್ಕೆ ಹೊಂದುವಂತಿದೆ. ವಿಳಂಬ ಇದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡುವುದು, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು, "ನೀವು ಹೇಳಿ ಸರ್" "ಇಲ್ಲ, ನೀವೇ ಹೇಳಿ" ಎಂಬ ಉಪಚಾರದಲ್ಲಿ ಪ್ರಶ್ನೆಯ ಮೊನೆಯೇ ಮುರಿದುಹೋಗುವುದು ಎಲ್ಲರ ಅನುಭವ.

ಬೆಳಕು ಗಾಜಿನ ತಂತುವಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಮಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಸುಮಾರು 14,000 ಕಿಲೋಮೀಟರ್. ತಂತು ನೇರವಾಗಿಯೇ ಹಾದುಹೋದರೂ ಒಂದು ಬದಿಗೆ 70 ಮಿಲಿಸೆಕೆಂಡು ಬೇಕು, ಇದನ್ನು ಯಾವ ಎಂಜಿನಿಯರನೂ ಕಡಿಮೆ ಮಾಡಲಾರ. ಇದರ ಮೇಲೆ ಮೈಕಿನಿಂದ ಧ್ವನಿಯನ್ನು ತುಣುಕುಗಳಾಗಿ ಹಿಡಿದು ಸಂಕ್ಷೇಪಿಸುವ ಹೊತ್ತು, ಏರುಪೇರಾಗಿ ಬರುವ ತುಣುಕುಗಳನ್ನು ತುಸು ತಡೆದಿಟ್ಟು ಸರಿಯಾದ ಕ್ರಮದಲ್ಲಿ ಬಿಡುವ ಹೊತ್ತು ಸೇರುತ್ತವೆ. ಉಪನ್ಯಾಸವನ್ನು ಯೂಟ್ಯೂಬಿನಂಥ ನೇರಪ್ರಸಾರದ ಮೂಲಕ ಕೊಟ್ಟರಂತೂ ವಿಡಿಯೊ ಹಲವು ಸೆಕೆಂಡುಗಳ ಕಂತುಗಳಾಗಿ ಬರುವುದರಿಂದ, ಕಾರ್ಕಳದ ಸದಸ್ಯರ ಪ್ರಶ್ನೆ ಪರದೆಯ ಮೇಲೆ ಮೂಡುವ ಹೊತ್ತಿಗೆ ಉಪನ್ಯಾಸಕರು ಮುಂದಿನ ವಿಷಯಕ್ಕೆ ದಾಟಿರುತ್ತಾರೆ. ಬ್ರೌಸರಿನಿಂದ ಬ್ರೌಸರಿಗೆ ನೇರವಾಗಿ ಧ್ವನಿ, ದೃಶ್ಯ ಕಳಿಸುವ ವೆಬ್‌ಆರ್‌ಟಿಸಿ ತಂತ್ರವನ್ನು ಗೂಗಲ್ 2011ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. 2021ರಲ್ಲಿ ಅದು ಅಧಿಕೃತ ಜಾಲ ಮಾನಕವಾಯಿತು. ಕಳೆದುಹೋದ ತುಣುಕಿಗಾಗಿ ಕಾಯದೆ ಮುಂದಕ್ಕೆ ಸಾಗುವುದು ಅದರ ಗುಟ್ಟು. ನಡುವೆ ಒಂದು ಅಕ್ಷರ ಮಸುಕಾದರೂ ಮಾತು ನಿಲ್ಲುವುದಿಲ್ಲ. ಸದಸ್ಯರು ಪ್ರಶ್ನೆ ಕೇಳಬೇಕಾದ ಸಭೆಗೂ ಬರೀ ಕೇಳಿಸಿಕೊಳ್ಳುವ ಸಭೆಗೂ ಬೇರೆ ಬೇರೆ ತಂತ್ರ ಬೇಕೆಂಬ ಈ ಸಣ್ಣ ಅರಿವು ಸಂಘದ ಕಾರ್ಯದರ್ಶಿಗಳಿಗಿದ್ದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಕಂಪ್ಯೂಟರಿನೊಳಗೆ ಕಟ್ಟಿದ, ಹಲವರು ಒಟ್ಟಿಗೆ ಒಳಹೋಗಬಲ್ಲ ವರ್ಚುವಲ್ ಲೋಕಗಳ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಸೆಕೆಂಡ್ ಲೈಫ್‌ನಲ್ಲಿ. ಲಿಂಡನ್ ಲ್ಯಾಬ್ ಎಂಬ ಅಮೆರಿಕದ ಕಂಪನಿ ಅದನ್ನು 2003ರಲ್ಲಿ ತೆರೆಯಿತು. ಅದು ಆಟವಲ್ಲ, ಗೆಲ್ಲುವುದು, ಸೋಲುವುದು ಅಲ್ಲಿಲ್ಲ. ಬಂದವರು ಅವತಾರ್ ಒಂದನ್ನು ತಳೆದು ನಡೆದಾಡುತ್ತಾರೆ, ಕಟ್ಟಡ ಕಟ್ಟುತ್ತಾರೆ, ಮಾತಾಡುತ್ತಾರೆ. ಅಮೆರಿಕದ ಗ್ರಂಥಾಲಯ ಸಂಘ, ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆಗಾಗಿರುವ ಅಂತರರಾಷ್ಟ್ರೀಯ ಸಂಘ ಮುಂತಾದವು ಅಲ್ಲಿ ತಮ್ಮದೇ ನೆಲೆಗಳನ್ನು ಮಾಡಿಕೊಂಡು ಸದಸ್ಯರಿಗಾಗಿ ಸಭೆಗಳನ್ನು ನಡೆಸಿದವು. ಆ ಉತ್ಸಾಹದಲ್ಲಿ ಹಲವರು ಮಾಡಿದ ಕೆಲಸವೆಂದರೆ ನಿಜವಾದ ಸಭಾಂಗಣದಂಥದೇ ಸಭಾಂಗಣವನ್ನು ಅಲ್ಲೂ ಕಟ್ಟಿ, ಸಾಲಾಗಿ ಕುರ್ಚಿ ಹಾಕಿ, ಗೋಡೆಯ ಮೇಲೆ ಸ್ಲೈಡು ತೋರಿಸಿದ್ದು. ಸೆಕೆಂಡ್ ಲೈಫಿನ ಒಂದು ಪ್ರದೇಶ 256 ಮೀಟರ್ ಉದ್ದ, ಅಷ್ಟೇ ಅಗಲ; ಅದರಲ್ಲಿ ಹೆಚ್ಚೆಂದರೆ ನೂರರ ಆಸುಪಾಸು ಜನ ಹಿಡಿಸುತ್ತಾರೆ. ಇದಕ್ಕೆ ಕಾರಣ ಸರಳ ಗಣಿತ. ಪ್ರತಿಯೊಬ್ಬರ ಚಲನೆಯೂ ಉಳಿದ ಪ್ರತಿಯೊಬ್ಬರ ಪರದೆಗೂ ಹೋಗಬೇಕು. 20 ಜನರಿದ್ದರೆ 380 ಹರಿವುಗಳು, 100 ಜನರಿದ್ದರೆ 9,900. ಐದು ಪಟ್ಟು ಜನ, ಇಪ್ಪತ್ತಾರು ಪಟ್ಟು ಹೊರೆ. ದೊಡ್ಡ ಸಭೆಗೆ ವರ್ಚುವಲ್ ಲೋಕ ತಕ್ಕುದಲ್ಲ ಎಂಬುದು ಅದರ ರಚನೆಯಲ್ಲೇ ಇದೆ.

ಸಭಾಂಗಣದಲ್ಲಿ ಸಾಧ್ಯವೇ ಇಲ್ಲದ್ದನ್ನು ಮಾಡಿದವರು ಅಲ್ಲಿ ನಿಜವಾಗಿ ಗೆದ್ದರು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ, ಅದು ಸಂಘವಲ್ಲ, ಸರ್ಕಾರಿ ಸಂಸ್ಥೆ, ಸೆಕೆಂಡ್ ಲೈಫಿನಲ್ಲಿ ಒಂದು ದ್ವೀಪವನ್ನು ಮಾಡಿತ್ತು. ಅಲ್ಲಿ ಕಡಲತೀರದಲ್ಲಿ ನಿಂತು ಸುನಾಮಿ ಬರುವುದನ್ನು ನೋಡಬಹುದಿತ್ತು. ನಕ್ಷೆಯಲ್ಲಿ ಬಾಣದ ಗುರುತಾಗಿದ್ದ ವಿಷಯ ಅಲ್ಲಿ ಕಾಲಬುಡಕ್ಕೇ ಬರುತ್ತಿತ್ತು.

ಧ್ವನಿಯ ವಿಷಯದಲ್ಲಿಯೂ ಸೆಕೆಂಡ್ ಲೈಫ್ ಒಂದು ಮುಖ್ಯ ಪಾಠ ಕಲಿಸಿತು. 2007ರಲ್ಲಿ ಅದಕ್ಕೆ ಸೇರಿಸಿದ ಧ್ವನಿ ವ್ಯವಸ್ಥೆಯಲ್ಲಿ ಹತ್ತಿರ ನಿಂತವರ ಮಾತು ಜೋರಾಗಿ, ದೂರದವರದು ಕ್ಷೀಣವಾಗಿ, ಎಡಗಡೆಯವರದು ಎಡಕಿವಿಗೆ ಹೆಚ್ಚಾಗಿ ಕೇಳುತ್ತದೆ. ಎಡಗಡೆಯಿಂದ ಬಂದ ಶಬ್ದ ಬಲಕಿವಿಯನ್ನು ತಲುಪಲು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗುತ್ತದೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಗುರುತಿಸಿ, ಹತ್ತಾರು ಮಾತುಗಳ ನಡುವೆ ತನಗೆ ಬೇಕಾದ ಒಂದನ್ನು ಹಿಂಬಾಲಿಸುತ್ತದೆ. ಸಾಮಾನ್ಯ ವಿಡಿಯೊ ಸಭೆಯಲ್ಲಿ ಎಲ್ಲರ ಧ್ವನಿಯೂ ಒಂದೇ ತೂತಿನಿಂದ ಬರುವುದರಿಂದ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಾಗುತ್ತದೆ. ದಿಕ್ಕುಳ್ಳ ಧ್ವನಿಯಿದ್ದರೆ ನಾಲ್ವರು ಒಂದು ಮೂಲೆಯಲ್ಲಿ, ಮೂವರು ಇನ್ನೊಂದು ಮೂಲೆಯಲ್ಲಿ ನಿಂತು ಬೇರೆ ಬೇರೆ ಮಾತಾಡಬಹುದು. ಕಾಫಿ ವಿರಾಮದ ಕಲಿಕೆಯನ್ನು ಉಳಿಸಿಕೊಳ್ಳಬಲ್ಲ ತಂತ್ರ ಇದು. ಚಿತ್ರಕ್ಕೆ ಸುರಿಯುವ ಹಣದ ಸ್ವಲ್ಪ ಭಾಗವನ್ನು ಸಂಘಗಳು ಒಳ್ಳೆಯ ಹೆಡ್‌ಫೋನಿಗೆ ಹಾಕಿದರೆ ಫಲ ಹೆಚ್ಚು.

ಕೈಯಿಂದ ಮಾಡಿ ಕಲಿಯುವ ಮಾತಿಗೆ ಬಂದರೆ ಶಸ್ತ್ರಚಿಕಿತ್ಸೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯ ಸಣ್ಣ ರಂಧ್ರದ ಮೂಲಕ ಉದ್ದನೆಯ ಉಪಕರಣ ಒಳಹೋಗುತ್ತದೆ. ಹೊಟ್ಟೆಯ ಗೋಡೆಯೇ ಅದಕ್ಕೆ ಆನಿಕೆಯಾಗುವುದರಿಂದ ಕೈ ಎಡಕ್ಕೆ ಸರಿದರೆ ಒಳಗಿನ ತುದಿ ಬಲಕ್ಕೆ ಸರಿಯುತ್ತದೆ, ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಇದನ್ನು ಓದಿ ತಿಳಿದುಕೊಳ್ಳಲು ಅರ್ಧ ನಿಮಿಷ ಸಾಕು, ಕೈಗೆ ಒಗ್ಗಿಸಲು ನೂರಾರು ಸಲ ಮಾಡಬೇಕು. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು 16 ಮಂದಿ ಶಸ್ತ್ರಚಿಕಿತ್ಸಾ ವಿದ್ಯಾರ್ಥಿ ವೈದ್ಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ವರ್ಚುವಲ್ ರಿಯಾಲಿಟಿಯಲ್ಲಿ ಅಭ್ಯಾಸ ಮಾಡಿಸಿತು. ಆಮೇಲೆ ನಿಜವಾದ ರೋಗಿಗಳ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವಾಗ ಅಭ್ಯಾಸ ಮಾಡಿದ್ದವರು 29% ಬೇಗ ಕೆಲಸ ಮುಗಿಸಿದರು. ಅಭ್ಯಾಸವಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಸುಡಬಾರದ ಭಾಗವನ್ನು ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು.

ಈ ಫಲಿತಾಂಶದಷ್ಟೇ ಮುಖ್ಯವಾದ ಎರಡು ಸಂಗತಿಗಳು ಆ ಪ್ರಯೋಗದಲ್ಲಿವೆ. ಅವರು ಬಳಸಿದ ಯಂತ್ರದ ಪರದೆಯಲ್ಲಿ ರಕ್ತ, ಮಾಂಸ, ಅಂಗಾಂಗ ಯಾವುದೂ ಇರಲಿಲ್ಲ. ಬರೀ ಗೋಲಗಳು, ಚೌಕಟ್ಟುಗಳು. ಆದರೆ ಕೈ ಆಡಿದಂತೆ ತುದಿ ಆಡುತ್ತಿತ್ತು, ತಪ್ಪಿದರೆ ಕೂಡಲೇ ತಿಳಿಯುತ್ತಿತ್ತು, ಅಷ್ಟೇ ಸಾಕಾಯಿತು. ಇನ್ನೊಂದು, ಅಭ್ಯಾಸವನ್ನು ಇಂತಿಷ್ಟು ಗಂಟೆ ಎಂದು ನಿಗದಿ ಮಾಡಿರಲಿಲ್ಲ. ಅನುಭವಿ ಶಸ್ತ್ರವೈದ್ಯರು ಎಷ್ಟು ಚೊಕ್ಕವಾಗಿ ಮಾಡುತ್ತಾರೋ ಆ ಮಟ್ಟ ಮುಟ್ಟುವವರೆಗೆ ಮಾಡಿಸಿದರು, ಕೆಲವರು ಬೇಗ ಮುಟ್ಟಿದರು, ಕೆಲವರು ನಿಧಾನವಾಗಿ. ಗಂಟೆ ಎಣಿಸುವ ನಮ್ಮ ಸಂಘಗಳು ಇದರ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಕುಳಿತ ಹೊತ್ತನ್ನು ಅಳೆಯುವುದು ಸುಲಭ, ಕಲಿತದ್ದನ್ನು ಅಳೆಯುವುದು ಈಗ ಸಾಧ್ಯವಾಗಿದೆ.

ದುಬಾರಿ ಯಂತ್ರವಿಲ್ಲದೆಯೂ ಇದರ ಒಂದು ಅಂಶವನ್ನು ಅಳವಡಿಸಿಕೊಳ್ಳಬಹುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು, ಪಾಠವನ್ನು ಮತ್ತೆ ಓದಿದವರನ್ನೂ ಓದಿದ್ದನ್ನು ನೆನಪಿನಿಂದ ಬರೆದವರನ್ನೂ ಹೋಲಿಸಿದರು. 5 ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ವೆಬಿನಾರ್ ಮುಗಿದ ವಾರಕ್ಕೆ ಸದಸ್ಯರ ಫೋನಿಗೆ ಐದು ಪ್ರಶ್ನೆಗಳನ್ನು ಕಳಿಸಲು ಯಾವ ಸಂಘಕ್ಕೂ ಹೆಚ್ಚಿನ ಖರ್ಚಿಲ್ಲ.

ನಮ್ಮ ಕರಾವಳಿಗೆ ತೀರ ಅಗತ್ಯವಾದ ಒಂದು ವರ್ಚುವಲ್ ಪಾಠವನ್ನು ಇಲ್ಲಿನ ಎಂಜಿನಿಯರರ ಸಂಘಗಳು ಸುಲಭವಾಗಿ ಕಟ್ಟಬಹುದು ಎಂದು ನನಗೆ ತೋರುತ್ತದೆ. ಇಲ್ಲಿನ ಗುಡ್ಡಗಳಲ್ಲಿ ಮೇಲ್ಗಡೆ ಗಟ್ಟಿಯಾದ ಕೆಂಪುಕಲ್ಲಿನ ಹೊದಿಕೆ, ಅದರಡಿಯಲ್ಲಿ ಬಿಳಿ, ಗುಲಾಬಿ, ಹಳದಿ ಬಣ್ಣಗಳ ಶೇಡಿಮಣ್ಣು. ಒಣಗಿದಾಗ ಶೇಡಿಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ, ನೀರು ತುಂಬಿಕೊಂಡಾಗ ಬಲ ಕಳೆದುಕೊಳ್ಳುತ್ತದೆ. ಕಣಗಳ ನಡುವಿನ ನೀರಿನ ಒತ್ತಡ ಏರಿದಷ್ಟೂ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಇಳಿಯುತ್ತದೆ. ರಸ್ತೆಗೆಂದೋ ಮನೆಗೆಂದೋ ಗುಡ್ಡವನ್ನು ಕಡಿದಾಗಿ ಕೊರೆದು ಈ ಪದರವನ್ನು ಬಯಲಿಗೆ ಬಿಟ್ಟರೆ ಮಳೆಗಾಲದಲ್ಲಿ ಅದು ಜಾರುತ್ತದೆ. ನಿಜವಾದ ಗುಡ್ಡದ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಲಾಗದು. ವರ್ಚುವಲ್ ಗುಡ್ಡದಲ್ಲಿ ಏಳೆಂಟು ಎಂಜಿನಿಯರರು ಒಟ್ಟಿಗೆ ನಿಂತು, ಒಬ್ಬರು ಇಳಿಜಾರಿನ ಕೋನವನ್ನು, ಇನ್ನೊಬ್ಬರು ಮಳೆಯನ್ನು, ಮತ್ತೊಬ್ಬರು ನೀರಿಳಿಯುವ ಕೊಳವೆಗಳನ್ನು ಬದಲಿಸುತ್ತ, ಸುರಕ್ಷತಾ ಅಂಕ (ಗುಡ್ಡವನ್ನು ಹಿಡಿದಿಡುವ ಬಲ ಅದನ್ನು ಜಾರಿಸುವ ಬಲದ ಎಷ್ಟು ಪಟ್ಟು ಎಂಬ ಲೆಕ್ಕ) 1ಕ್ಕಿಂತ ಕೆಳಗಿಳಿಯುವ ಕ್ಷಣವನ್ನು ಕಾಣಬಹುದು, ಅಲ್ಲೇ ವಾದಿಸಬಹುದು. ವರ್ಚುವಲ್ ಪ್ರಯೋಗಾಲಯಗಳ ರಾಷ್ಟ್ರೀಯ ಯೋಜನೆಯಲ್ಲಿ ಸುರತ್ಕಲ್ಲಿನ ಎನ್‌ಐಟಿಕೆ (ಮೊದಲು ಹೇಳಿದ ಎಂಜಿನಿಯರಿಂಗ್ ಕಾಲೇಜಿನ ಇಂದಿನ ಹೆಸರು) ಭಾಗಿಯಾಗಿರುವುದರಿಂದ ಇದಕ್ಕೆ ಬೇಕಾದ ಅನುಭವ ಕೈಯಳತೆಯಲ್ಲೇ ಇದೆ.

ಇದಕ್ಕೆ ಎಲ್ಲರ ಬಳಿಯೂ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕ ಇರಬೇಕಾಗಿಲ್ಲ. ಕನ್ನಡಕ ತೊಟ್ಟಾಗ ತಲೆ ತಿರುಗಿಸಿದ ಸುಮಾರು 20 ಮಿಲಿಸೆಕೆಂಡಿನೊಳಗೆ ದೃಶ್ಯವೂ ತಿರುಗದಿದ್ದರೆ, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಕೆಲವರಿಗೆ ಒಳ್ಳೆಯ ಯಂತ್ರದಲ್ಲೂ ಹೀಗಾಗುತ್ತದೆ. ವೆಬ್‌ಎಕ್ಸ್‌ಆರ್ ಎಂಬ ಬ್ರೌಸರ್ ವ್ಯವಸ್ಥೆಯನ್ನು ಬಳಸಿ ಕಟ್ಟಿದ ಗುಡ್ಡವನ್ನು ಕನ್ನಡಕ ಇದ್ದವರು ಒಳಹೊಕ್ಕು ನೋಡಬಹುದು, ಬೇಡವೆನ್ನುವ ಹಿರಿಯ ಸದಸ್ಯರು ಅದೇ ಕೊಂಡಿಯನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆಯಬಹುದು, ಕಾಮಗಾರಿಯ ಜಾಗದಲ್ಲಿರುವವರು ಫೋನಿನಲ್ಲಿ ಸೇರಿಕೊಳ್ಳಬಹುದು, ಮೂವರೂ ಒಂದೇ ಗುಡ್ಡದ ಮುಂದೆ ನಿಂತು ಮಾತಾಡಬಹುದು.