ಗ್ರಹ ಎಂಟೋ ಒಂಬತ್ತೋ: ಈ ಜಗಳ ಎಲ್ಲಿಂದ ಬಂತು

ಹೋದ ತಿಂಗಳು ಬಾಗಲಕೋಟೆ ನವನಗರದಾಗ ಸಾಲಿ ಹುಡುಗರ ಕ್ವಿಜ್ ಇತ್ತು. ಸೌರಮಂಡಲದಾಗ ಗ್ರಹ ಎಷ್ಟು ಅಂತ ಕೇಳಿದ್ರ ಒಬ್ಬಾಕಿ ಸಣ್ಣ ಹುಡುಗಿ ಎಂಟು ಅಂದ್ಲು, ಹಿಂದ ಕುಂತ ಅಜ್ಜಾರು "ಏ ತಂಗಿ, ಒಂಬತ್ತಲ್ಲೇನ ಬೇ, ನವಗ್ರಹ ಅಂತೀವಲ್ಲ" ಅಂತ ಒದರಿದ್ರು, ನಡು ವಯಸ್ಸಿನ ನಾವು ಸುಮ್ಮನ ಕುಂತ್ವಿ, ಯಾಕಂದ್ರ ನಾವು ಕಲ್ತಿದ್ದೂ ಒಂಬತ್ತ, ಆದ್ರ ಅಜ್ಜಾರ ಒಂಬತ್ತು ಬ್ಯಾರೆ, ನಮ್ಮ ಒಂಬತ್ತು ಬ್ಯಾರೆ.

ಅಜ್ಜಾರ ಲೆಕ್ಕದಾಗ ಸೂರ್ಯ, ಚಂದ್ರ, ರಾಹು, ಕೇತು ಬರ್ತಾವು, ಭೂಮಿ ಇಲ್ಲ. ನಮ್ಮ ಪುಸ್ತಕದಾಗ ಆ ನಾಲ್ಕೂ ಇಲ್ಲ, ಬದ್ಲಿಗೆ ಭೂಮಿ, ಯುರೇನಸ್, ನೆಪ್ಚೂನ್, ಪ್ಲೂಟೊ. ಎರಡೂ ಕಡೆ ಇರೋವು ಬುಧ, ಶುಕ್ರ, ಮಂಗಳ, ಗುರು, ಶನಿ, ಐದ ಐದು. ಒಟ್ಟು ಹೊಂದಿತ್ತು ಅಂತ ಯಾರೂ ಒಳಗ ಇಣುಕಿ ನೋಡ್ಲಿಲ್ಲ.

ಕೋಪರ್ನಿಕಸ್ 1543ರಾಗ ಸೂರ್ಯನ್ನ ನಡುವ ಕುಂದ್ರಿಸಿದ, ಭೂಮಿ ಗ್ರಹ ಆತು, 1781ಕ್ಕ ಯುರೇನಸ್ ಸಿಕ್ತು, 1846ಕ್ಕ ನೆಪ್ಚೂನ್. ನಡುವ 1801ರ ಜನವರಿ 1ಕ್ಕ ಮಂಗಳ ಗುರು ನಡುವಿನ ಜಾಗದಾಗ ಸಿರಿಸ್ ಅಂತ ಒಂದು ಸಿಕ್ಕು ಗ್ರಹ ಅನ್ನಿಸ್ಕೊಂಡಿತ್ತು, ಆಮ್ಯಾಲ ಅಂಥಾವ ಸಾಲಾಗಿ ಸಿಗಾಕ ಹತ್ತಿದ್ವು, ಎಲ್ಲಾನೂ ಕ್ಷುದ್ರಗ್ರಹ ಅಂತ ಬ್ಯಾರೆ ಗುಂಪಿಗೆ ಹಾಕಿಬಿಟ್ರು. ಇದನ್ನ ನೆನಪಿಡ್ರಿ.

1930ರಾಗ ಅಮೆರಿಕದ ಲೊವೆಲ್ ವೀಕ್ಷಣಾಲಯದಾಗ 24 ವರ್ಷದ ಕ್ಲೈಡ್ ಟಾಂಬೋ ಬ್ಯಾರೆ ಬ್ಯಾರೆ ರಾತ್ರಿ ತಗದ ಎರಡು ಫೋಟೊ ಪ್ಲೇಟ್ ಒಂದಾದ್ಮ್ಯಾಲ ಒಂದು ನೋಡ್ತಿದ್ದ, ಸಾವಿರಾರು ಚುಕ್ಕಿ ಇದ್ದಲ್ಲೇ ಅದಾವು, ಒಂದ ಒಂದು ಜರಗೇತಿ. ಅದ ಪ್ಲೂಟೊ. ಮೊದ್ಲು ಭೂಮಿಯಷ್ಟು ತೂಕ ಇರಬೇಕು ಅಂದ್ಕೊಂಡಿದ್ರು, 1978ರಾಗ ಅದರ ಚಂದ್ರ ಶಾರನ್ ಸಿಕ್ಕು ಖರೇ ತೂಕ ತಿಳೀತು, ಭೂಮಿಯ 400ರಾಗ ಒಂದು ಪಾಲೂ ಇಲ್ಲ. ಅಡ್ಡಗಲ ಸುಮಾರು 2377 ಕಿಲೋಮೀಟರ್, ನಮ್ಮ ಚಂದ್ರನ್ದು 3474.

ಇದರಾಗ ನಂದೂ ಒಂದು ಕತಿ ಐತಿ. 1996ರಾಗ ಕ್ವಿಜ್ಜಿನ್ಯಾಗ ಅತಿ ದೂರದ ಗ್ರಹ ಯಾವ್ದು ಅಂದ್ರು, ಪ್ಲೂಟೊ ಅಂದೆ, ಕಂಪಾಸ್ ಬಾಕ್ಸ್ ಗೆದ್ದೆ. ಪ್ಲೂಟೊ ಸುತ್ತೋ ದಾರಿ ಉದ್ದಾನ ಮೊಟ್ಟಿ ಹಂಗ, 1979ರಿಂದ 1999ರ ತನಕ ಅದು ನೆಪ್ಚೂನಿಗಿಂತ ಒಳಗ ಇತ್ತು ಅನ್ನೋದು ನನಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಬಾಕ್ಸ್ ವಾಪಸ್ ಕೊಟ್ಟಿಲ್ಲ.

1992ರಿಂದ ನೆಪ್ಚೂನಿನ ಆಚೆ ಕಡೆ ಹಿಮದ ಉಂಡಿಗೋಳು ಒಂದರ ಹಿಂದ ಒಂದು ಸಿಕ್ವು, ಸಿರಿಸ್ ಕತೀನ ಮತ್ತ. 2005ರಾಗ ಅಂಥಾದ ಒಂದು ಉಂಡಿ, ಈರಿಸ್, ಅದರ ಸುದ್ದಿ ಬಂತು, ತೂಕದಾಗ ಪ್ಲೂಟೊಗಿಂತ ಜಾಸ್ತಿ. ಹತ್ತನೇದು ಅನ್ಬೇಕು, ಇಲ್ಲಾ ಒಂಬತ್ತನೇದನ್ನ ಬಿಡ್ಬೇಕು. 2006ರ ಆಗಸ್ಟ್ 24ಕ್ಕ ಪ್ರಾಗ್‌ನ್ಯಾಗ ಗ್ರಹ ಅಂದ್ರ ಏನು ಅಂತ ಖಗೋಳ ವಿಜ್ಞಾನಿಗಳು ಓಟ್ ಹಾಕಿದ್ರು, ಹಾಕಿದವರು 424 ಮಂದಿ ಅಷ್ಟ, ಅದಕ್ಕ ತಕರಾರು ಇನ್ನೂ ನಿಂತಿಲ್ಲ. ಗ್ರಹ ಅನ್ನಿಸ್ಕೋಬೇಕಂದ್ರ ಸೂರ್ಯನ್ನ ಸುತ್ತಬೇಕು, ದುಂಡಗಿರಬೇಕು, ತನ್ನ ದಾರಿ ತಾನ ಖಾಲಿ ಮಾಡ್ಕೊಂಡಿರಬೇಕು, ಅಂದ್ರ ಸುತ್ತೋ ದಾರ್ಯಾಗ ಇಂಥಾ ಬ್ಯಾರೆ ಉಂಡಿಗೋಳು ಉಳಿದಿರಬಾರ್ದು. ಪ್ಲೂಟೊ ಮೂರನೇದ್ರಾಗ ಫೇಲ್, ಕುಬ್ಜಗ್ರಹ ಆತು, ಸಿರಿಸ್ಸೂ ಅದ ಗುಂಪಿಗೆ ಬಂತು. ಸೂರ್ಯನ್ನ ಒಂದು ಸುತ್ತು ಹಾಕಾಕ ಪ್ಲೂಟೊಗೆ 248 ವರ್ಷ ಬೇಕು, ನಾವು ಅದನ್ನ ಗ್ರಹ ಅಂದಿದ್ದು 76 ವರ್ಷ.

ಪುಸ್ತಕದಾಗ 9 ಹೋಗಿ 8 ಬಂತು, ಯಾಕ ಅನ್ನೋದು ಭಾಳ ಕಡೆ ಬರ್ಲೇ ಇಲ್ಲ. ಮಗಳಿಗೆ ಮೊನ್ನೆ ಪ್ಯಾಟ್ಯಾಗ ಸೌರಮಂಡಲದ ಚಾರ್ಟ್ ತಂದೆ, ಇನ್ನೂ ಒಂಬತ್ತ ಐತಿ. ಆಕಿ ಪ್ಲೂಟೊ ಮ್ಯಾಲ ಪೆನ್ಸಿಲ್‌ಲೆ ಗೀಟು ಹಾಕಿ, "ಅಪ್ಪಾ, ಸಿರಿಸ್ ಎಲ್ಲೈತಿ?" ಅಂದ್ಲು. ಮಂಗಳ ಗುರು ನಡುವ ನೋಡಿದೆ, ಅಲ್ಲಿ ಅಂಗಡಿಯವರ ರೇಟಿನ ಸ್ಟಿಕರ್ ಇತ್ತು.