ಕೈನಡುಕಕ್ಕೆ ಅಲ್ಟ್ರಾಸೌಂಡ್: ಚಾಕು ಇಲ್ಲ ನಿಜ, ಆದರೆ ಇದೂ ಆಪರೇಷನ್ನೇ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಲಗೈ ತುಂಬಾ ನಡುಗುತ್ತದೆ, ಮಾತ್ರೆಯಿಂದ ಅಷ್ಟೇನೂ ಉಪಯೋಗ ಆಗಿಲ್ಲ. ಆಪರೇಷನ್ ಇಲ್ಲದೆ ಅಲ್ಟ್ರಾಸೌಂಡ್‌ನಿಂದಲೇ ನಡುಕ ನಿಲ್ಲಿಸುತ್ತಾರೆ ಎಂದು ಒಂದು ವಿಡಿಯೊದಲ್ಲಿ ನೋಡಿದೆವು. ಇದು ನಿಜವಾ?

ಉತ್ತರ: ನಡುಕ ಇಳಿಯುವುದು ನಿಜ. ‘ಆಪರೇಷನ್ ಇಲ್ಲದೆ’ ಅನ್ನುವುದು ಅರ್ಧ ಮಾತ್ರ ನಿಜ. ಚರ್ಮ ಕುಯ್ಯುವುದಿಲ್ಲ, ಬುರುಡೆ ಕೊರೆಯುವುದಿಲ್ಲ. ಆದರೆ ಮಿದುಳಿನ ಒಳಗೆ ಕೆಲವೇ ಮಿಲಿಮೀಟರ್ ಅಗಲದ ಜಾಗವೊಂದನ್ನು ಬಿಸಿಯಿಂದ ಸುಟ್ಟುಬಿಡುತ್ತಾರೆ. ಸುಟ್ಟ ಭಾಗ ಮತ್ತೆ ಬೆಳೆಯುವುದಿಲ್ಲ.

ಮೊದಲು ಇದು ಯಾವ ನಡುಕ ಎಂದು ಗೊತ್ತಾಗಬೇಕು. ತೊಡೆಯ ಮೇಲೆ ಸುಮ್ನೆ ಇಟ್ಟ ಕೈ ನಡುಗಿ, ಏನಾದರೂ ಎತ್ತಿಕೊಂಡಾಗ ಕಡಿಮೆ ಆದರೆ ಡಾಕ್ಟರಿಗೆ ಪಾರ್ಕಿನ್ಸನ್ ಅನುಮಾನ ಬರುತ್ತದೆ. ಸುಮ್ಮನಿದ್ದಾಗ ಕೈ ಸರಿಯಾಗೇ ಇರುತ್ತದೆ, ಕಾಫಿ ಲೋಟ ಬಾಯಿ ಹತ್ತಿರ ತರುವಾಗ ಚೆಲ್ಲುತ್ತದೆ, ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನಿಂದ ಚೆಕ್ ವಾಪಸ್ ಬರುತ್ತದೆ ಅಂದರೆ ಅದು ಹೆಚ್ಚಾಗಿ ಎಸೆನ್ಷಿಯಲ್ ಟ್ರೆಮರ್. ಎಷ್ಟೋ ಮನೆಗಳಲ್ಲಿ ಇದು ತಲೆಮಾರಿನಿಂದ ಬಂದಿರುತ್ತದೆ. ‘ವಯಸ್ಸಾಯ್ತಲ್ಲ’ ಎಂದು ಬಿಟ್ಟುಬಿಡುತ್ತಾರೆ, ಅಷ್ಟೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲಿ ಮಿದುಳಿನ ಈ ಚಿಕಿತ್ಸೆಗೆ ಮೊದಲು ಒಪ್ಪಿಗೆ ಕೊಟ್ಟಿದ್ದು ಇದಕ್ಕೇ, ಅದೂ ಮಾತ್ರೆಗೆ ಬಗ್ಗದ ನಡುಕಕ್ಕೆ.

ಚಿಕಿತ್ಸೆಯ ದಿನ ತಲೆ ನುಣ್ಣಗೆ ಬೋಳಿಸುತ್ತಾರೆ. ಕೂದಲಿನ ನಡುವೆ ಸಿಕ್ಕ ಗಾಳಿ ಅಲೆಗಳಿಗೆ ಅಡ್ಡಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತಲೆ ಅಲುಗದಂತೆ ಲೋಹದ ಚೌಕಟ್ಟನ್ನು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಆಮೇಲೆ ಎಂಆರ್‌ಐ ಒಳಗೆ. ತಲೆಯ ಸುತ್ತ ಬರುವ ಹೆಲ್ಮೆಟ್‌ನಲ್ಲಿ ಅಲ್ಟ್ರಾಸೌಂಡ್ ಹೊರಡಿಸುವ 1024 ಬಿಲ್ಲೆಗಳಿರುತ್ತವೆ. ಬುರುಡೆ ಕಾಯದಿರಲಿ ಎಂದು ಹೆಲ್ಮೆಟ್‌ಗೂ ತಲೆಗೂ ನಡುವೆ ತಣ್ಣೀರು ಹರಿಯುತ್ತಿರುತ್ತದೆ. ಒಂದೊಂದು ಅಲೆಯೂ ದುರ್ಬಲ, ದಾರಿಯಲ್ಲಿ ಮಿದುಳಿಗೆ ಏನೂ ಮಾಡುವುದಿಲ್ಲ. ಎಲ್ಲವೂ ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ ಒಂದೇ ಬಿಂದುವಿನಲ್ಲಿ ಸೇರಿದಾಗ ಅಲ್ಲಿ ಮಾತ್ರ ಬಿಸಿ ಏರುತ್ತದೆ. ಬಲಗೈ ನಡುಕಕ್ಕೆ ಎಡಗಡೆಯ ಥಲಾಮಸ್.

ರೋಗಿ ಎಚ್ಚರವಾಗೇ ಇರುತ್ತಾರೆ. ನನಗೆ ತುಂಬಾ ಹಿಡಿಸಿದ ಜಾಣತನ ಇದೇ. ಮೊದಲು ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, ಕೆಲವು ಸೆಕೆಂಡು ಬಿಸಿ ಕೊಡುತ್ತಾರೆ. ಆ ಜಾಗ ಸ್ವಲ್ಪ ಹೊತ್ತು ಮಂಕಾಗುತ್ತದೆ, ಸಾಯುವುದಿಲ್ಲ. ಮಲಗಿದಲ್ಲೇ ಕೈಗೆ ಪೆನ್ನು ಕೊಟ್ಟು ಸುರುಳಿ ಬರೆಸುತ್ತಾರೆ. ಅಂಕುಡೊಂಕಾಗಿದ್ದ ಗೆರೆ ನಯವಾಗಿ ಬಂದರೆ ಜಾಗ ಸರಿ. ತುಟಿಯೋ ಬೆರಳ ತುದಿಯೋ ಜುಮ್ ಅಂದರೆ ಗುರಿ ಪಕ್ಕದ ಸ್ಪರ್ಶದ ಕೇಂದ್ರಕ್ಕೆ ತಾಗುತ್ತಿದೆ ಎಂದರ್ಥ, ಕೊಂಚ ಸರಿಸುತ್ತಾರೆ. ಎಲ್ಲ ಸರಿ ಕಂಡ ಮೇಲೆ 55ರಿಂದ 60 ಡಿಗ್ರಿ. ಒಳಗಿನ ಬಿಸಿ ಎಷ್ಟಿದೆ ಎಂದು ಎಂಆರ್‌ಐ ಪರದೆಯೇ ತೋರಿಸುತ್ತದೆ. ಆ ಸೆಕೆಂಡುಗಳಲ್ಲಿ ಕೆಲವರಿಗೆ ಜೋರು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುತ್ತದೆ. ವಿಡಿಯೊದವರು ಈ ಭಾಗ ತೋರಿಸುವುದು ಕಡಿಮೆ, ಅಲ್ವಾ?

ಎಫ್‌ಡಿಎ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ 76 ಜನ ಇದ್ದರು. ಹೋಲಿಸಿ ನೋಡಲು 20 ಜನರನ್ನು ಹೆಲ್ಮೆಟ್ ಹಾಕಿ ಮಲಗಿಸಿ, ಅಲೆ ಬಿಡದೆಯೇ ಎಬ್ಬಿಸಿದರು. ನಿಜವಾದ ಚಿಕಿತ್ಸೆ ಸಿಕ್ಕವರಲ್ಲಿ ಕೈನಡುಕದ ಅಂಕ ಮೂರು ತಿಂಗಳಿಗೆ ಸರಾಸರಿ ಶೇ 47ರಷ್ಟು ಇಳಿದಿತ್ತು, ವರ್ಷಕ್ಕೆ ನೋಡಿದಾಗ ಶೇ 40ರಷ್ಟು. ಅಂದರೆ ಪೂರ್ತಿ ಮಾಯ ಅಲ್ಲ. ಶುರುವಿನಲ್ಲಿ ಶೇ 36 ಮಂದಿಗೆ ನಡಿಗೆ ತಪ್ಪಿತ್ತು, ಶೇ 38 ಮಂದಿಗೆ ಜೋಮು ಅಥವಾ ಜುಮುಜುಮು ಇತ್ತು. ಬಹಳಷ್ಟು ಜನರಿಗೆ ಹೋಯಿತು. ಆದರೂ ವರ್ಷದ ನಂತರ ಶೇ 9 ಮಂದಿಗೆ ನಡಿಗೆಯ ತೊಂದರೆ, ಶೇ 14 ಮಂದಿಗೆ ಜೋಮು ಉಳಿದಿತ್ತು. ಕಾಫಿ ಚೆಲ್ಲದೆ ಕುಡಿಯುವುದಕ್ಕೆ ಪ್ರತಿಯಾಗಿ ಇದನ್ನು ಒಪ್ಪಬಹುದಾ ಎಂದು ತಂದೆಯವರೇ ಹೇಳಬೇಕು, ಮಕ್ಕಳಲ್ಲ.

ಇನ್ನೊಂದು ದಾರಿ ಡಿಬಿಎಸ್, ಅಂದರೆ ಮಿದುಳಿನ ಆಳಕ್ಕೆ ಸಣ್ಣ ಕರೆಂಟು ಕೊಡುವ ಚಿಕಿತ್ಸೆ. ಅದರಲ್ಲಿ ಬುರುಡೆ ಕೊರೆದು ತಂತಿ ಇಳಿಸುತ್ತಾರೆ, ಎದೆಯಲ್ಲಿ ಬ್ಯಾಟರಿ ಕೂರಿಸುತ್ತಾರೆ. ಕೇಳಲು ಭಯ. ಆದರೆ ಹೆಚ್ಚುಕಡಿಮೆ ಆದರೆ ಕರೆಂಟು ಬದಲಿಸಬಹುದು, ನಿಲ್ಲಿಸಲೂಬಹುದು. ಅಲ್ಟ್ರಾಸೌಂಡ್ ಚಿಕಿತ್ಸೆಯಲ್ಲಿ ಆ ಸೌಲಭ್ಯ ಇಲ್ಲ. ಎರಡೂ ಕೈಗೆ ಒಟ್ಟಿಗೆ ಮಾಡುವ ಹಾಗೂ ಇಲ್ಲ. ಎಸೆನ್ಷಿಯಲ್ ಟ್ರೆಮರ್‌ಗೆ ಇನ್ನೊಂದು ಬದಿಯಲ್ಲೂ ಮಾಡಲು 2022ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ನಡುವೆ ಕನಿಷ್ಠ 9 ತಿಂಗಳ ಅಂತರ ಬೇಕು. ಎರಡೂ ಬದಿ ಸುಟ್ಟರೆ ಮಾತು ತೊದಲುವ, ಸಮತೋಲ ತಪ್ಪುವ ಅಪಾಯ ಜಾಸ್ತಿ.

ಪಾರ್ಕಿನ್ಸನ್ ಆಗಿದ್ದರೆ? ಅದರ ನಡುಕಕ್ಕೆ 2018ರಲ್ಲಿ, ಬಿಗಿತ ಮತ್ತು ತಾನಾಗೇ ಮೈ ಓಲಾಡುವ ತೊಂದರೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ಇಳಿಯುವುದು ಲಕ್ಷಣ, ಕಾಯಿಲೆಯಲ್ಲ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಹೆಚ್ಚಿನವರಿಗೆ ಮುಂದುವರಿಯುತ್ತದೆ.

ಖರ್ಚಿನ ಮಾತಿಗೆ ಮುಂಚೆ ತಲೆಯ ಸಿಟಿ ಸ್ಕ್ಯಾನ್ ಆಗಲಿ. ಕೆಲವರ ಬುರುಡೆಯ ಮೂಳೆ ಒಳಗೆ ಜಾಸ್ತಿ ಸ್ಪಂಜಿನಂತಿದ್ದು ಅಲೆಗಳನ್ನು ಹೀರಿ ಚದುರಿಸುತ್ತದೆ, ಗುರಿಯಲ್ಲಿ ಬೇಕಾದಷ್ಟು ಬಿಸಿ ಏರುವುದಿಲ್ಲ. ಅಂಥವರಿಗೆ ಈ ಚಿಕಿತ್ಸೆ ಹೊಂದುವುದಿಲ್ಲ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲ ಭೇಟಿಯಲ್ಲೇ ನ್ಯೂರಾಲಜಿಸ್ಟ್‌ಗೆ ಹೇಳಿ. ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.